ಕಾಣೆಯಾದ ನಿಷೇಧ

ದೇಶದ ಧಾರ್ಮಿಕ ಭಾವನೆಗಳನ್ನು 36 ವರ್ಷ ಕಾಪಾಡಿದ ಒಂದು ಕಾಗದ ಕಾಣೆಯಾಗಿದೆ. ಸಲ್ಮಾನ್ ರಶ್ದಿಯವರ ‘ಸಟಾನಿಕ್ ವರ್ಸಸ್’ ಕಾದಂಬರಿ ಮುಸ್ಲಿಮರ ಭಾವನೆಗೆ ಧಕ್ಕೆ ತರುತ್ತದೆ, ಅದನ್ನು ಆಮದು ಮಾಡಬಾರದು ಅಂತ 1988ರ ಅಕ್ಟೋಬರಿನಲ್ಲಿ ಹೊರಟ ಆದೇಶ. ಪುಸ್ತಕ ತರಿಸಿಕೊಳ್ಳಬೇಕು ಅಂದುಕೊಂಡ ಓದುಗರೊಬ್ಬರು 2019ರಲ್ಲಿ ಕೋರ್ಟಿಗೆ ಹೋದರು. ಆ ಆದೇಶವನ್ನು ಸರ್ಕಾರ ಹುಡುಕಿತು, ಹುಡುಕಿತು, ಸಿಗಲೇ ಇಲ್ಲ. ಹಾಗಾದರೆ ಅಂಥದ್ದು ಇಲ್ಲವೇ ಇಲ್ಲ ಅಂದುಕೊಳ್ಳಬೇಕಷ್ಟೆ ಎಂದು 2024ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ವಾಕ್ ಸ್ವಾತಂತ್ರ್ಯಕ್ಕಾಗಿ ಸಂವಿಧಾನಕ್ಕೆ ಮಾಡಲಾಗದ್ದನ್ನು ಯಾವುದೋ ಇಲಿಯೋ ಗೆದ್ದಲೋ ಮಾಡಿಕೊಟ್ಟಿರಬೇಕು.

ಆದೇಶ ಬಂದಿದ್ದು ಎಲ್ಲಿಂದ ಅಂದುಕೊಂಡಿರಿ? ಹಣಕಾಸು ಸಚಿವಾಲಯದಿಂದ, ಕಸ್ಟಮ್ಸ್ ಕಾಯ್ದೆಯಡಿ. ಕಳ್ಳಸಾಗಣೆಯ ಚಿನ್ನ ಹಿಡಿಯುವವರ ಕೈಗೆ ಭಕ್ತಿಯ ಕಾವಲನ್ನೂ ಕೊಟ್ಟಿದ್ದರು. ಸಾಲದ್ದಕ್ಕೆ, ಈ ನಿಷೇಧದಿಂದ ಕೃತಿಯ ಸಾಹಿತ್ಯಿಕ ಬೆಲೆಯೇನೂ ಕಡಿಮೆಯಾಗುವುದಿಲ್ಲ ಅಂತ ಸಚಿವಾಲಯ ಸರ್ಟಿಫಿಕೇಟನ್ನೂ ಕೊಟ್ಟಿತು. ಒಳ್ಳೆಯ ವಿಮರ್ಶೆಗೆ ಥ್ಯಾಂಕ್ಸ್ ಅಂತ ರಶ್ದಿ ಬರೆದರು. ನಮ್ಮಲ್ಲಿ ಎಷ್ಟೋ ಕವಿಗಳು ನಾಲ್ಕು ಸಾಲಿನ ವಿಮರ್ಶೆಗಾಗಿ ಸಂಪಾದಕರ ಬಾಗಿಲು ಕಾಯುತ್ತಾರೆ, ಪಾಪ. ಅವರಿಗೆ ಕಸ್ಟಮ್ಸ್ ಕಚೇರಿಯ ದಾರಿಯನ್ನು ಯಾರೂ ತೋರಿಸಿಲ್ಲ.

ಓದದೆಯೇ ನೊಂದುಕೊಳ್ಳುವುದು ದೊಡ್ಡ ಸಿದ್ಧಿ. ಎಲ್ಲರಿಗೂ ಒಲಿಯುವಂಥದ್ದಲ್ಲ. ನಿಷೇಧ ಬೇಕು ಅಂತ ಮುಂದೆ ನಿಂತಿದ್ದ ಸಂಸದ ಸೈಯದ್ ಶಹಾಬುದ್ದೀನ್ ತಾವು ಪುಸ್ತಕ ಓದಿಲ್ಲ ಅಂತ ಧೈರ್ಯವಾಗಿಯೇ ಬರೆದರು. ಹೊಲಸು ಏನು ಅಂತ ತಿಳಿಯಲು ಚರಂಡಿಗೆ ಇಳಿಯಬೇಕಿಲ್ಲ ಎಂಬುದು ಅವರ ವಾದ. 2022ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ವೇದಿಕೆಯಲ್ಲಿ ರಶ್ದಿಯವರಿಗೆ ಇರಿದು ಒಂದು ಕಣ್ಣು ಕಳೆದವನು ಸುಮಾರು ಎರಡು ಪುಟ ಓದಿದ್ದನಂತೆ. ಪುಸ್ತಕ ಬಂದಾಗ ಅವನಿನ್ನೂ ಹುಟ್ಟಿಯೇ ಇರಲಿಲ್ಲ. ಈ ಗುಂಪಿನಲ್ಲಿ ಅವನೇ ವಿದ್ವಾಂಸ.

ನಂಬುವವರೆಲ್ಲ ಹೀಗೇನಾ? ಅಲ್ಲ. ಜಾಮಿಯಾ ಮಿಲಿಯಾದ ಇತಿಹಾಸಕಾರ ಮುಶೀರುಲ್ ಹಸನ್ 1992ರಲ್ಲಿ, ಈ ಪುಸ್ತಕ ತಮಗೂ ಹಿಡಿಸಿಲ್ಲ, ಆದರೂ ನಿಷೇಧ ತೆಗೆಯಬೇಕು ಅಂದರು. ಅವರದೇ ಕ್ಯಾಂಪಸ್ಸಿನಲ್ಲಿ ಅವರಿಗೆ ಹೊಡೆದರು. ಈಜಿಪ್ಟಿನ ಕಾದಂಬರಿಕಾರ ನಗೀಬ್ ಮಹ್ಫೂಜ್, ರಶ್ದಿಯವರನ್ನು ಕೊಲ್ಲಬೇಕೆಂಬ ಇರಾನಿನ ಧರ್ಮಗುರು ಖೊಮೇನಿಯ ಫತ್ವಾ ತಪ್ಪು ಅಂದವರು. 1994ರಲ್ಲಿ ಅವರ ಕುತ್ತಿಗೆಗೂ ಚಾಕು ಬಿತ್ತು. ಇವರಿಗೂ ಭಾವನೆಗಳಿದ್ದವು ಅಲ್ವಾ? ಅವಕ್ಕೆ ಧಕ್ಕೆಯಾದಾಗ ಯಾವ ಸಚಿವಾಲಯವೂ ಆದೇಶ ಹೊರಡಿಸಲಿಲ್ಲ. ಕೂಗುವವನ ಭಾವನೆಗೆ ಮಾತ್ರ ಇಲ್ಲಿ ರಸೀದಿ.

ನಮ್ಮ ದಾಸರ ನಿಂದಾಸ್ತುತಿಯನ್ನೇ ನೋಡಿ. ದೇವರನ್ನು ಕಳ್ಳ ಅಂದರು, ಕರುಣೆ ಇಲ್ಲದವನು ಅಂದರು, ನೀನ್ಯಾಕೆ ನಿನ್ನ ಹಂಗ್ಯಾಕೆ ಅಂತ ಮುಖಕ್ಕೇ ಹೇಳಿದರು. ಕೇಳಿದವರು ತಾಳ ಹಾಕಿದರು. ಇವತ್ತಾಗಿದ್ದರೆ ಸಂಜೆಯೊಳಗೆ ಠಾಣೆಯ ಮುಂದೆ ಹತ್ತು ಜನ, ಒಂದು ಮನವಿ ಪತ್ರ, ಒಬ್ಬ ಫೋಟೋಗ್ರಾಫರ್. ಆರೋಪಿ ಪುರಂದರದಾಸರು. ವಶಪಡಿಸಿಕೊಂಡ ವಸ್ತು ತಂಬೂರಿ. ಬೈಸಿಕೊಂಡ ವಿಠಲನ ಹೇಳಿಕೆಯನ್ನು ಮಾತ್ರ ಯಾರೂ ಬರೆದುಕೊಳ್ಳುತ್ತಿರಲಿಲ್ಲ.

ಧಾರ್ಮಿಕ ಭಾವನೆಗೆ ಧಕ್ಕೆ ತಂದರೆ ಅಂತ ಠಾಣೆಯಲ್ಲಿ ಹಾಕುವ ಸೆಕ್ಷನ್ ಬ್ರಿಟಿಷರು 1927ರಲ್ಲಿ ಕೊಟ್ಟದ್ದು, 295ಎ. ಗುಲಾಮಗಿರಿಯ ಕಾನೂನು ಕಿತ್ತೆಸೆದೆವು ಅಂತ 2024ರ ಜುಲೈಯಲ್ಲಿ ಹೊಸ ಸಂಹಿತೆ ಬಂತು. ಕಿತ್ತೆಸೆದದ್ದು ನಂಬರನ್ನು. ಈಗ ಅದು 299. ಸಂಹಿತೆ ಬದಲಾಗುವ ಮುಂಚೆಯೂ ಜೈಲು 3 ವರ್ಷದವರೆಗೆ, ಈಗಲೂ ಅಷ್ಟೇ. ಬೇಕೆಂದೇ, ದುರುದ್ದೇಶದಿಂದ ಮಾಡಿದ್ದರೆ ಮಾತ್ರ ಅಪರಾಧ ಅಂತ ಅದರಲ್ಲೇ ಬರೆದಿದೆ. ಉದ್ದೇಶ ಏನಿತ್ತು ಅಂತ ಕೋರ್ಟು ನೋಡುವ ಹೊತ್ತಿಗೆ ಬರೆದವನು ಬೇಲ್‌ಗಾಗಿ ಓಡಾಡಿ ಚಪ್ಪಲಿ ಸವೆಸಿರುತ್ತಾನೆ. ಅತ್ತ ಇಂಗ್ಲೆಂಡ್ ತನ್ನ ಧರ್ಮನಿಂದನೆ ಅಪರಾಧವನ್ನು 2008ರಲ್ಲೇ ಕೈಬಿಟ್ಟಿತು. ನಾವು ಅವರಿಗಿಂತ ಜಾಸ್ತಿ ನಿಷ್ಠಾವಂತರು.

ತಮಾಷೆ ಸಾಕು. ಫತ್ವಾ ಬಂದ 1989ರಲ್ಲೇ ನಮ್ಮಲ್ಲೂ ಒಂದು ನಡೆಯಿತು. ಶರಣರ ಬಗ್ಗೆ ಬರೆದದ್ದಕ್ಕೆ ಎಂ.ಎಂ. ಕಲಬುರ್ಗಿಯವರ ಮೇಲೆ ಒತ್ತಡ ಹಾಕಿ ಬರೆದದ್ದನ್ನು ವಾಪಸ್ ತೆಗೆಸಿದರು. ಮನೆಯವರ ಜೀವ ಉಳಿಸಲು ಒಪ್ಪಿದೆ, ಬುದ್ಧಿಜೀವಿಯಾಗಿ ಅವತ್ತು ಆತ್ಮಹತ್ಯೆ ಮಾಡಿಕೊಂಡೆ ಎಂದು ಅವರೇ ಹೇಳಿಕೊಂಡರು. ಆಗ ಅವರನ್ನು ಕಾಡಿದವರು ಪರಧರ್ಮದವರಲ್ಲ, ಅವರದೇ ಸಮುದಾಯದವರು. ಅವರ ಪರ ನಿಂತವರಲ್ಲೂ ಅದೇ ಸಮುದಾಯದವರಿದ್ದರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ, ಮನೆ ಬಾಗಿಲಲ್ಲೇ, ಆ 76ರ ಮೇಷ್ಟ್ರಿಗೆ ಗುಂಡು ಹೊಡೆದರು.

ಬರೆಯುವವರು ಸ್ವಲ್ಪ ಹುಷಾರಾಗಿರಬಾರದಾ, ಒಂದು ಹೆಜ್ಜೆ ಹಿಂದೆ ಇಟ್ಟರೆ ಏನು ಗಂಟು ಹೋಗುತ್ತೆ ಅಂತ ಈಗಲೂ ಬುದ್ಧಿ ಹೇಳುತ್ತಾರೆ. ಕಲಬುರ್ಗಿ ಆ ಹೆಜ್ಜೆಯನ್ನೂ ಹಿಂದೆ ಇಟ್ಟು ನೋಡಿದ್ದರು.