ಕಾರು ನೋಡೋಕೆ ಹೋಗುವ ಮುಂಚೆ ನಿಮ್ಮ ಕಿಲೋಮೀಟರ್ ಲೆಕ್ಕ ಹಾಕಿ

ಜಿಎಸ್‌ಟಿ ಇಳಿದಾಗಿನಿಂದ ನಮ್ಮ ನೆಂಟರಲ್ಲಿ, ಸ್ನೇಹಿತರಲ್ಲಿ ಕಾರಿನ ಮಾತು ಜೋರಾಗಿದೆ. ನಾಲ್ಕು ಮೀಟರ್ ಉದ್ದದೊಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳ ಮೇಲೆ ಸೆಸ್ ಸೇರಿ ಶೇ. 29 ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಬಂತು. ಇಷ್ಟು ದಿನ ಬೈಕಿನಲ್ಲೇ ಇದ್ದವರೂ ಈಗ ಧೈರ್ಯ ಮಾಡುತ್ತಿದ್ದಾರೆ. ಒಳ್ಳೆಯದೇ. ಆದರೆ ಎಲ್ಲರ ಬಾಯಲ್ಲೂ ಬರುವ ಮೊದಲ ಪ್ರಶ್ನೆ ಒಂದೇ: "ಮೈಲೇಜ್ ಯಾವುದು ಜಾಸ್ತಿ ಕೊಡುತ್ತೆ?"

ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲು ಕೇಳಿಕೊಳ್ಳಬೇಕಾದದ್ದು, ತಿಂಗಳಿಗೆ ನೀವು ಎಷ್ಟು ಕಿಲೋಮೀಟರ್ ಓಡಿಸುತ್ತೀರಿ ಅಂತ.

ಬೆಂಗಳೂರಿನಲ್ಲಿ ಕಾರು ಇಟ್ಟುಕೊಂಡ ಎಷ್ಟೋ ಮನೆಗಳ ಕಥೆ ಗಮನಿಸಿ. ಆಫೀಸಿಗೆ ಮೆಟ್ರೊ ಅಥವಾ ಕಂಪನಿ ಕ್ಯಾಬ್. ಮಕ್ಕಳಿಗೆ ಸ್ಕೂಲ್ ವ್ಯಾನ್. ತರಕಾರಿ, ಹಾಲಿಗೆ ಸ್ಕೂಟರ್. ಕಾರು ಹೊರಗೆ ಬರುವುದು ಭಾನುವಾರ, ಆಸ್ಪತ್ರೆಗೆ, ಮದುವೆ-ಮುಂಜಿಗೆ, ಹಬ್ಬಕ್ಕೆ ಊರಿಗೆ ಹೋಗುವಾಗ. ಇಂಥ ಮನೆಯಲ್ಲಿ ಕಾರು ತಿಂಗಳಿಗೆ 500 ಕಿಲೋಮೀಟರ್ ಓಡಿದರೆ ಹೆಚ್ಚು. ಈಗ ಲೆಕ್ಕ ಹಾಕಿ. ಊರೊಳಗೆ ಒಂದು ಕಾರು ಲೀಟರಿಗೆ 15 ಕೊಡುತ್ತೆ, ಇನ್ನೊಂದು 18 ಕೊಡುತ್ತೆ ಅಂದುಕೊಳ್ಳಿ. ಪೆಟ್ರೋಲ್ 103 ರೂಪಾಯಿ ಅಂತ ಹಿಡಿದರೆ ಮೊದಲನೆಯದಕ್ಕೆ ತಿಂಗಳಿಗೆ ಸುಮಾರು 3,430, ಎರಡನೆಯದಕ್ಕೆ 2,860. ವ್ಯತ್ಯಾಸ 570 ರೂಪಾಯಿ. ಈ 570 ಉಳಿಸುವುದಕ್ಕೆ ಒಂದು ಲಕ್ಷ ಹೆಚ್ಚು ಕೊಟ್ಟು, ಆ ಒಂದು ಲಕ್ಷವನ್ನೂ ಸಾಲದಲ್ಲೇ ತಂದರೆ, ಶೇ. 9ರ ಬಡ್ಡಿಗೆ ಐದು ವರ್ಷ ತಿಂಗಳಿಗೆ ಸುಮಾರು 2,075 ರೂಪಾಯಿ ಇಎಂಐ ಬರುತ್ತದೆ. ಉಳಿತಾಯ ಎಲ್ಲಿ ಬಂತು?

ನನ್ನ ಅಕ್ಕನ ಮಗ ಇದೇ ವಿಷಯಕ್ಕೆ ನನ್ನ ಜೊತೆ ವಾದಕ್ಕೆ ಕೂತಿದ್ದ. "ಮಾವ, ಸಿಎನ್‌ಜಿ ತಗೊಂಡ್ರೆ ಕೆಜಿಗೆ 34 ಕೊಡುತ್ತಂತೆ, ಅರ್ಧಕ್ಕರ್ಧ ಖರ್ಚು ಉಳಿಯುತ್ತೆ" ಅಂದ. ಅವನಿರುವುದು ವಿಜಯನಗರದಲ್ಲಿ, ಆಫೀಸು ಎಂ.ಜಿ. ರಸ್ತೆಯ ಹತ್ತಿರ. ನೇರಳೆ ಮಾರ್ಗದ ಮೆಟ್ರೊ ಅವನನ್ನು ನೇರವಾಗಿ ಆಫೀಸಿನ ಹತ್ತಿರವೇ ಇಳಿಸುತ್ತದೆ. ಕಾರು ಬೇಕಿರುವುದು ಅಪ್ಪ ಅಮ್ಮನನ್ನು ಡಾಕ್ಟರ ಹತ್ತಿರ ಕರೆದೊಯ್ಯಲು, ಆಗೀಗ ಹಾಸನಕ್ಕೆ ಹೋಗಿ ಬರಲು. ಇವನಿಗೆ ಸಿಎನ್‌ಜಿ ಯಾಕೆ?

ಸಿಎನ್‌ಜಿ ಮಾದರಿಗೆ ಅದೇ ಪೆಟ್ರೋಲ್ ಕಾರಿಗಿಂತ ಸುಮಾರು 90-95 ಸಾವಿರ ಹೆಚ್ಚು. ಗ್ಯಾಸ್ ಕೆಜಿಗೆ 90 ರೂಪಾಯಿ, ನಮ್ಮ ಟ್ರಾಫಿಕ್‌ನಲ್ಲಿ ಕೆಜಿಗೆ 22 ಕಿಲೋಮೀಟರ್ ಅಂತ ಹಿಡಿಯೋಣ. ಕಿಲೋಮೀಟರಿಗೆ ಸುಮಾರು 4 ರೂಪಾಯಿ ಬಿತ್ತು. 15 ಕೊಡುವ ಪೆಟ್ರೋಲ್ ಕಾರಿಗೆ ಹತ್ತಿರಹತ್ತಿರ 7. ಅಂದರೆ ಕಿಲೋಮೀಟರಿಗೆ ಮೂರು ರೂಪಾಯಿಗಿಂತ ಸ್ವಲ್ಪ ಕಮ್ಮಿ ಉಳಿಯುತ್ತದೆ. ಹೆಚ್ಚು ಕೊಟ್ಟ ದುಡ್ಡು ವಾಪಸ್ ಬರಬೇಕಾದರೆ 34,000 ಕಿಲೋಮೀಟರಿನಷ್ಟು ಓಡಬೇಕು. ತಿಂಗಳಿಗೆ 500 ಓಡಿಸುವವನಿಗೆ ಐದೂವರೆ ವರ್ಷ ಕಳೆದು ಹೋಗುತ್ತದೆ. ಅಲ್ಲಿಯವರೆಗೆ ಡಿಕ್ಕಿಯಲ್ಲಿ ಸಿಲಿಂಡರ್ ಕೂತಿರುತ್ತದೆ, ಊರಿಗೆ ಹೊರಟಾಗ ಬ್ಯಾಗುಗಳೆಲ್ಲ ಅಮ್ಮನ ಕಾಲ ಬುಡದಲ್ಲಿ. ಎರಡು ಚಿಕ್ಕ ಸಿಲಿಂಡರ್ ಇಟ್ಟು ಜಾಗ ಉಳಿಸುವ ವ್ಯವಸ್ಥೆ ಟಾಟಾ, ಹ್ಯುಂಡೈ ಕಾರುಗಳಲ್ಲಿ ಬಂದಿದೆ, ಅದು ಮೆಚ್ಚುವಂಥದ್ದೇ. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಪರೀಕ್ಷೆ ಮಾಡಿಸಬೇಕು ಅನ್ನುವುದು ಬಹಳ ಜನರಿಗೆ ಗೊತ್ತೇ ಇರುವುದಿಲ್ಲ.

ಅದೇ ಕೆಂಗೇರಿಯಿಂದ ದಿನಾ ಹೊಸಕೋಟೆಗೋ, ನೆಲಮಂಗಲದಿಂದ ಎಲೆಕ್ಟ್ರಾನಿಕ್ ಸಿಟಿಗೋ ಓಡಾಡುವವರಿದ್ದರೆ ನಾನೇ ಸಿಎನ್‌ಜಿ ತಗೊಳ್ಳಿ ಅನ್ನುತ್ತೇನೆ. ತಿಂಗಳಿಗೆ 1,250 ಕಿಲೋಮೀಟರ್ ದಾಟಿದರೆ ಎರಡೂಕಾಲು ವರ್ಷದ ಸುಮಾರಿಗೆ ಹಣ ವಾಪಸ್. ಆದರೆ ನಿಮ್ಮ ದಾರಿಯಲ್ಲೇ ಗ್ಯಾಸ್ ಬಂಕ್ ಇದೆಯಾ, ಅಲ್ಲಿ ಸಂಜೆ ಕ್ಯೂ ಹೇಗಿರುತ್ತದೆ, ಆಟೊಗಳ ಹಿಂದೆ ಎಷ್ಟು ಹೊತ್ತು ನಿಲ್ಲಬೇಕು ಅಂತ ಒಮ್ಮೆ ಹೋಗಿ ನೋಡಿ ಬನ್ನಿ.

ಇನ್ನು ಜಾಹೀರಾತಿನ ಮೈಲೇಜ್ ವಿಷಯ. ಸೆಲೆರಿಯೊದ ಎಎಂಟಿ (ಕ್ಲಚ್ ತುಳಿಯದೆ ಗೇರ್ ತಾನೇ ಬದಲಾಗುವ) ಮಾದರಿಗೆ ಲೀಟರಿಗೆ 26.68, ವ್ಯಾಗನ್ ಆರ್ ಒಂದು ಲೀಟರ್ ಮ್ಯಾನುವಲ್‌ಗೆ 24.35, ಆಲ್ಟೊ ಕೆ10ಗೆ 24.39, ಹೊಸ ಡಿಸೈರ್‌ಗೆ 24.79 ಅಂತ ಬರೆದಿರುತ್ತಾರೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಅಂಕಿ ಬರುವುದು ಪ್ರಯೋಗಾಲಯದಲ್ಲಿ, ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ಎಸಿ ಆಫ್ ಮಾಡಿ, ನಿಗದಿಯಾದ ಕ್ರಮದಲ್ಲಿ ವೇಗ ಏರಿಸಿ ಇಳಿಸಿ. ಗರಿಷ್ಠ ವೇಗ ಗಂಟೆಗೆ 90. ಎಲ್ಲ ಕಾರಿಗೂ ಒಂದೇ ಪರೀಕ್ಷೆಯಾದ್ದರಿಂದ ಒಂದರ ಜೊತೆ ಇನ್ನೊಂದನ್ನು ಹೋಲಿಸಲು ಅದು ಉಪಯೋಗಕ್ಕೆ ಬರುತ್ತದೆ. ಆದರೆ ಅದೇ ಅಂಕಿ ಹಿಡಿದು ಮನೆಯ ತಿಂಗಳ ಖರ್ಚು ಬರೆಯಲು ಕೂತರೆ ಲೆಕ್ಕ ತಪ್ಪುತ್ತದೆ.

ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿ, ಗೊರಗುಂಟೆಪಾಳ್ಯ, ಹೆಬ್ಬಾಳ. ಈ ನಾಲ್ಕು ಕಡೆ ಆಫೀಸ್ ಟೈಮಿನಲ್ಲಿ ಕಾರು ಓಡಿಸಿದವರಿಗೆ ಬೇರೆ ವಿವರಣೆ ಬೇಡ. ಹತ್ತು ಕಿಲೋಮೀಟರಿಗೆ ಅರ್ಧ ಗಂಟೆ ದಾಟುವ ಊರು ನಮ್ಮದು. ನಿಂತಾಗಲೂ ಎಂಜಿನ್ ಪೆಟ್ರೋಲ್ ಕುಡಿಯುತ್ತಿರುತ್ತದೆ, ಎಸಿ ಕಂಪ್ರೆಸರ್ ಕೂಡ ಅದೇ ಎಂಜಿನ್ನಿನಿಂದಲೇ ಓಡಬೇಕು. ಇದಕ್ಕಿಂತ ದೊಡ್ಡ ನಷ್ಟ ಬ್ರೇಕಿನಲ್ಲಿದೆ. ಇಷ್ಟು ತೂಕವನ್ನು ಎಳೆದು 30ರ ವೇಗಕ್ಕೆ ತರಲು ಪೆಟ್ರೋಲ್ ಸುಟ್ಟಿರುತ್ತೇವೆ. ಮುಂದಿನ ಕ್ಷಣವೇ ಬ್ರೇಕ್ ಒತ್ತಿದರೆ ಅಷ್ಟೂ ಶಕ್ತಿ ಬಿಸಿಯಾಗಿ ಹೋಗುತ್ತದೆ. ಮತ್ತೆ ಮೊದಲಿನಿಂದ ಎಳೆಯಬೇಕು. ಕಾರು ಭಾರ ಇದ್ದಷ್ಟೂ ಈ ನಷ್ಟ ಹೆಚ್ಚು. ಸೆಲೆರಿಯೊದಂಥ ಕಾರು 800 ಕೆಜಿ ಆಸುಪಾಸು ತೂಗಿದರೆ ಕಾಂಪ್ಯಾಕ್ಟ್ ಎಸ್‌ಯುವಿಗಳಲ್ಲಿ ಹಲವು 1,100 ಕೆಜಿ ದಾಟುತ್ತವೆ. ಆ ಹೆಚ್ಚಿನ ಮುನ್ನೂರು ಕೆಜಿಯನ್ನು ಪ್ರತಿ ಸಿಗ್ನಲ್ಲಿನಲ್ಲೂ ಎಳೆದು ನಿಲ್ಲಿಸುವುದು ಯಾರ ದುಡ್ಡಿನಲ್ಲಿ? ರಸ್ತೆ ಗುಂಡಿಗೆ ಎತ್ತರದ ಗಾಡಿ ಬೇಕು ಅನ್ನುತ್ತಾರೆ. ಆ ಮಾತಿಗೆ ನಾನು ಇಲ್ಲ ಅನ್ನುವುದಿಲ್ಲ. ಆದರೆ ಕಮ್ಮಿ ಖರ್ಚು ಬೇಕು, ಎಸ್‌ಯುವಿಯೂ ಬೇಕು ಅಂದರೆ ಎರಡೂ ಒಟ್ಟಿಗೆ ಕಷ್ಟ.

ಇದರ ಮೇಲೆ ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. ಒಂದು ಲೀಟರ್ ಎಥೆನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಮ್ಮಿ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಹಳೆಯ ಕಾರು ಕೊಳ್ಳುವವರು 2023ರ ಏಪ್ರಿಲ್‌ಗಿಂತ ಮುಂಚಿನದಾದರೆ ಈ ಇಂಧನಕ್ಕೆ ಅದು ಹೊಂದುತ್ತದೆಯೇ ಅಂತ ಮಾಲೀಕರ ಕೈಪಿಡಿ ತೆಗೆದು ನೋಡಿ.

ಡೀಸೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಎಸ್6 ಅನ್ನುವ ಹೊಗೆ ನಿಯಮ ಬಂದ 2020ರಲ್ಲೇ ಮಾರುತಿ ಡೀಸೆಲ್ ನಿಲ್ಲಿಸಿತು. ಈಗಿನ ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ; ಹತ್ತಿರದ ನಿಧಾನ ಓಡಾಟದಲ್ಲಿ ಅದು ಕಟ್ಟಿಕೊಳ್ಳುತ್ತದೆ. ಊರೊಳಗೆ ಓಡಿಸುವವರಿಗೆ ಅದರ ಸಹವಾಸ ಬೇಡ.

ಹೈಬ್ರಿಡ್ ಬಗ್ಗೆ ಮಾತ್ರ ನನಗೆ ನಿಜವಾದ ಬೇಸರ ಇದೆ. ನಿಧಾನಕ್ಕೆ ಸಾಗುವಾಗ ಮೋಟರಿನಲ್ಲಿ ಓಡಿ, ಬ್ರೇಕಿನಲ್ಲಿ ಹೋಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಸಿಕೊಳ್ಳುವ ಈ ಕಾರು ಹೇಳಿಮಾಡಿಸಿದ್ದೇ ನಮ್ಮ ಊರಿನ ಟ್ರಾಫಿಕ್‌ಗೆ. ಟೊಯೋಟಾ ಹೈರೈಡರ್ ಹೈಬ್ರಿಡ್‌ಗೆ ಲೀಟರಿಗೆ 27.97 ಅಂತ ಪ್ರಮಾಣ ಪತ್ರ ಇದೆ, ತಯಾರಾಗುವುದು ಇಲ್ಲೇ ಬಿಡದಿಯಲ್ಲಿ. ಆದರೆ ಬೆಲೆ ಹದಿನೈದು ಲಕ್ಷದ ಮೇಲೆ, ಅದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ. ಉತ್ತರ ಪ್ರದೇಶ 2024ರಲ್ಲಿ ಹೈಬ್ರಿಡ್ ಕಾರುಗಳಿಗೆ ನೋಂದಣಿ ತೆರಿಗೆ ಮನ್ನಾ ಮಾಡಿತು. ಹೊಗೆ ಕುಡಿದು ಸಿಗ್ನಲ್ಲಿನಲ್ಲಿ ನಿಲ್ಲುವ ಬೆಂಗಳೂರಿನವರಿಗೆ ಆ ರಿಯಾಯಿತಿ ಇನ್ನೂ ಹೆಚ್ಚು ಬೇಕಿತ್ತು.

ಎಲೆಕ್ಟ್ರಿಕ್ ಕಾರು ಸ್ವಂತ ಮನೆ, ಸ್ವಂತ ಪಾರ್ಕಿಂಗ್ ಇರುವವರಿಗೆ ಒಳ್ಳೆಯದು. ಮನೆಯ ಬೆಸ್ಕಾಂ ಮೀಟರಿನಲ್ಲೇ ಚಾರ್ಜ್ ಮಾಡಿದರೆ ಟಿಯಾಗೊ ಇವಿಯಂಥ ಚಿಕ್ಕ ಕಾರಿಗೆ ಕಿಲೋಮೀಟರಿಗೆ ಒಂದೂವರೆ ರೂಪಾಯಿ ದಾಟುವುದೇ ಅಪರೂಪ. ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿದ್ದು, ಕಾರನ್ನು ರಸ್ತೆ ಬದಿ ನಿಲ್ಲಿಸುವವರು ಏನು ಮಾಡಬೇಕು? ಅಪಾರ್ಟ್‌ಮೆಂಟಿನಲ್ಲಿ ಇದ್ದರೆ ಬುಕಿಂಗ್ ಮಾಡುವ ಮುಂಚೆಯೇ ಅಸೋಸಿಯೇಷನ್‌ನಿಂದ ಚಾರ್ಜಿಂಗ್ ಪಾಯಿಂಟಿಗೆ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ.

ಜೀವಾವಧಿ ತೆರಿಗೆಯ ಮಾತು ಬಂತಲ್ಲ, ಅದನ್ನೂ ನೋಡಿಬಿಡಿ. ನಮ್ಮ ರಾಜ್ಯದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಶೇ. 14, ಹತ್ತು ದಾಟಿ ಇಪ್ಪತ್ತರವರೆಗೆ ಶೇ. 17, ಇದರ ಮೇಲೆ ಸೆಸ್ ಬೇರೆ. ಸೆಸ್ ಬಿಟ್ಟೇ ಲೆಕ್ಕ ಹಾಕಿದರೂ 9.90 ಲಕ್ಷದ ಮಾದರಿಗೆ 1,38,600 ಆದರೆ 10.20 ಲಕ್ಷದ್ದಕ್ಕೆ 1,73,400. ಕಾರಿನ ಬೆಲೆಯಲ್ಲಿ 30 ಸಾವಿರ ಏರಿದರೆ ತೆರಿಗೆಯಲ್ಲೇ 34,800 ಏರುತ್ತದೆ. ಶೋರೂಮಿನಲ್ಲಿ "ಸ್ವಲ್ಪ ಹಾಕಿದ್ರೆ ಟಾಪ್ ಎಂಡ್ ಬರುತ್ತೆ ಸರ್" ಅಂದಾಗ ಇದನ್ನು ನೆನಪಿಟ್ಟುಕೊಳ್ಳಿ.

ಹಾಗಾದರೆ ನಾನೇನು ಹೇಳುತ್ತೇನೆ? ತಿಂಗಳಿಗೆ 700-800 ಕಿಲೋಮೀಟರ್ ಒಳಗೆ ಓಡಿಸುವವರು ಹಗುರವಾದ, ಟರ್ಬೊ ಇಲ್ಲದ, ಸಣ್ಣ ಪೆಟ್ರೋಲ್ ಕಾರು ತಗೊಳ್ಳಿ. ಸನ್‌ರೂಫ್, ದೊಡ್ಡ ಸ್ಕ್ರೀನ್ ಬಿಡಿ. ಉಳಿಯುವ ದುಡ್ಡಿನಲ್ಲಿ ಎಎಂಟಿ ಮಾದರಿ ತಗೊಳ್ಳಿ. ಔಟರ್ ರಿಂಗ್ ರೋಡಿನಲ್ಲಿ ಕ್ಲಚ್ ತುಳಿದು ತುಳಿದು ಎಡಗಾಲು ನೋಯುವುದು ತಪ್ಪುತ್ತದೆ, ಮೈಲೇಜೂ ಮ್ಯಾನುವಲ್‌ಗಿಂತ ತೀರಾ ಕಮ್ಮಿ ಏನಾಗುವುದಿಲ್ಲ.

ಆದರೆ ಒಂದು ವಿಷಯದಲ್ಲಿ ಮಾತ್ರ ಉಳಿತಾಯ ನೋಡಬೇಡಿ. ಕಾರುಗಳನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ವ್ಯಾಗನ್ ಆರ್‌ಗೆ ದೊಡ್ಡವರ ಸುರಕ್ಷತೆಯಲ್ಲಿ ಒಂದು ಸ್ಟಾರ್, ಆಲ್ಟೊ ಕೆ10ಗೆ ಎರಡು ಸ್ಟಾರ್ ಬಂದಿತ್ತು. ಈಗ ಇವಕ್ಕೆ ಆರು ಏರ್‌ಬ್ಯಾಗ್ ಬಂದಿವೆ, ಸಂತೋಷ. ಆದರೆ ಏರ್‌ಬ್ಯಾಗ್ ಹೆಚ್ಚಿದ ಮಾತ್ರಕ್ಕೆ ಕಾರಿನ ಚೌಕಟ್ಟು ಗಟ್ಟಿಯಾಗುವುದಿಲ್ಲ. ಇದೇ ಸಂಸ್ಥೆ 2020ರಲ್ಲಿ ಟಿಯಾಗೊಗೆ ನಾಲ್ಕು, 2021ರಲ್ಲಿ ಪಂಚ್‌ಗೆ ಐದು, 2024ರಲ್ಲಿ ಹೊಸ ಡಿಸೈರ್‌ಗೆ ಐದು ಸ್ಟಾರ್ ಕೊಟ್ಟಿತು. ಕಾರು ಸಿಲ್ಕ್ ಬೋರ್ಡಿನಲ್ಲಿ ತೆವಳುವುದಷ್ಟೇ ಅಲ್ಲ, ಹಬ್ಬಕ್ಕೆ ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ಹತ್ತಿರವೂ ಓಡುತ್ತದೆ, ಒಳಗೆ ಇಡೀ ಸಂಸಾರ ಇರುತ್ತದೆ. ಲೀಟರಿಗೆ ಎರಡು ಕಿಲೋಮೀಟರ್ ಕಮ್ಮಿ ಕೊಟ್ಟರೂ ಪರವಾಗಿಲ್ಲ, ನಾನು ಗಟ್ಟಿ ಕಾರನ್ನೇ ಆರಿಸುತ್ತೇನೆ. ಅಕ್ಕನ ಮಗನಿಗೂ ಅದನ್ನೇ ಹೇಳಿದ್ದು. ಭಾವನೂ ಅದಕ್ಕೇ ಒಪ್ಪಿದರು, ಅವನು ಈಗ ಪೆಟ್ರೋಲ್ ಟಿಯಾಗೊ ಬುಕ್ ಮಾಡಿದ್ದಾನೆ.

ಕೊಂಡ ಮೇಲೆ ನಿಜವಾದ ಮೈಲೇಜ್ ತಿಳಿಯಲು ಡ್ಯಾಶ್‌ಬೋರ್ಡಿನ ಅಂಕಿಯನ್ನೇ ನಂಬಿ ಕೂರಬೇಡಿ. ನಾಝಲ್ ತಾನಾಗಿ ಕಟ್ ಆಗುವವರೆಗೆ ಫುಲ್ ಟ್ಯಾಂಕ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬಂದ ಮೇಲೆ ಅದೇ ಬಂಕಿನಲ್ಲಿ ಮತ್ತೆ ಕಟ್ ಆಗುವವರೆಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸಿ. ಎರಡು ಮೂರು ಸಲ ಹೀಗೆ ನೋಡಿದರೆ ನಿಮ್ಮ ದಾರಿಯ, ನಿಮ್ಮ ಕಾಲಿನ ಲೆಕ್ಕ ಸಿಗುತ್ತದೆ. ಟಯರಿನ ಗಾಳಿ ಹದಿನೈದು ದಿನಕ್ಕೊಮ್ಮೆ ನೋಡಿ.

ಟೆಸ್ಟ್ ಡ್ರೈವಿಗೆ ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಹೋಗಬೇಡಿ. ವಾರದ ದಿನ ಸಂಜೆ ಆರರ ಮೇಲೆ, ಎಸಿ ಹಾಕಿ, ಅಪ್ಪ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ನಿಮ್ಮ ಮನೆಯ ಹತ್ತಿರದ ಫ್ಲೈಓವರ್ ಏರಿಸಿ ನೋಡಿ. ಶೋರೂಮಿನವರು ಒಪ್ಪದಿದ್ದರೆ ಅದೇ ಕಾರು ಕೊಡುವ ಇನ್ನೊಂದು ಶೋರೂಮ್ ಈ ಊರಿನಲ್ಲಿ ಇದ್ದೇ ಇರುತ್ತದೆ.