ಎರೆ ಮಣ್ಣಿಗೆ ಸಿಮೆಂಟ್ ಜಾಸ್ತಿ ಹಾಕಿದರೆ ಸಾಕಾ?

ಪ್ರತಿ ಬೇಸಿಗೆ ಮನೆ ಕಟ್ಟುವ ಹೊತ್ತಿಗೆ ಒಂದು ಮೆಸೇಜು ಓಡಾಡುತ್ತದೆ: ಎರೆ ಮಣ್ಣು ಒಣಗಿದರೆ ಕಲ್ಲಿನಂತೆ ಗಟ್ಟಿ, ಸಿಮೆಂಟ್ ಸ್ವಲ್ಪ ಜಾಸ್ತಿ ಹಾಕಿದರೆ ಸಾಕು, ಆಳದ ಪಾಯ ಬೇಡ ಅಂತ. ಇದು ತಪ್ಪು. ಕಳಿಸುವವರು ಒಳ್ಳೆ ಮನಸ್ಸಿನಿಂದಲೇ ಕಳಿಸುತ್ತಾರೆ. ಏಪ್ರಿಲ್‌ನಲ್ಲಿ ಗುದ್ದಲಿ ಹಾಕಿದವರಿಗೆ ಆ ಮಣ್ಣು ಹಾಗೇ ಕಾಣುತ್ತದೆ ಅಲ್ವಾ?

ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯ ಈ ಕಪ್ಪು ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವಿದೆ. ಅದರ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಮೇಲಿನ ಪಾಯ ಎಷ್ಟೇ ಗಟ್ಟಿಯಿದ್ದರೂ ಕೆಳಗಿನ ನೆಲ ಒಂದು ಮೂಲೆಯಲ್ಲಿ ಎತ್ತಿ, ಇನ್ನೊಂದರಲ್ಲಿ ಇಳಿಸುತ್ತದೆ. ಮಳೆಗಾಲದಲ್ಲಿ ಬಾಗಿಲು ಹಿಡಿಯುತ್ತದೆ. ಕಿಟಕಿಯ ಮೂಲೆಯಿಂದ ಗೋಡೆ ಓರೆಯಾಗಿ ಸೀಳುತ್ತದೆ.

ನೀವೇ ನೋಡಬಹುದು. ನಿಮ್ಮ ಸೈಟಿನ ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿ ಹಿಡಿಯಿರಿ. ಅಳತೆ ಗೆರೆ ಇರುವ ಎರಡು 100 ಮಿ.ಲೀ. ಜಾಡಿಗಳಿಗೆ 10 ಗ್ರಾಂನಂತೆ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ, 24 ಗಂಟೆ ಸುಮ್ನೆ ಬಿಡಿ. ಸೀಮೆಎಣ್ಣೆಯಲ್ಲಿ ಇಂಥ ಮಣ್ಣು ಉಬ್ಬುವುದಿಲ್ಲ. ನೀರಿನ ಜಾಡಿಯಲ್ಲಿ ಮಣ್ಣು ಸೀಮೆಎಣ್ಣೆ ಜಾಡಿಯ ಮಣ್ಣಿನ ಮಟ್ಟದ ಒಂದೂವರೆ ಪಟ್ಟು ದಾಟಿ ನಿಂತರೆ ಹುಷಾರು. ಲ್ಯಾಬಿನಲ್ಲೂ ಮಾಡುವುದು ಇದನ್ನೇ, ಇನ್ನಷ್ಟು ಕರಾರುವಾಕ್ಕಾಗಿ.

ಆಮೇಲೆ ಎಂಜಿನಿಯರ್ ಹತ್ತಿರ ಹೋಗಿ. ಎರೆ ತೆಗೆದು ಗರಸು ತುಂಬುವುದೋ, ಸುಮಾರು 3.5 ಮೀಟರ್ ಇಳಿಯುವ, ಬುಡ ಅಗಲವಾದ ಕಾಂಕ್ರೀಟ್ ಕಂಬ (ಅಂಡರ್‌ರೀಮ್ಡ್ ಪೈಲ್) ಹಾಕುವುದೋ, ಅವರು ಮಣ್ಣು ನೋಡಿ ಹೇಳುತ್ತಾರೆ.