ಎಷ್ಟು ಜನರಲ್ಲಿ ಇಷ್ಟು?

ನೀಟ್, ಸಿಇಟಿ ಫಲಿತಾಂಶ ಬಂದ ಮರುದಿನದ ಪೇಪರ್ ತೆಗೆದರೆ ಪುಟ ತುಂಬ ಕೋಚಿಂಗ್ ಸೆಂಟರ್‌ಗಳ ಜಾಹೀರಾತು: ಮಕ್ಕಳ ಫೋಟೊ, ಕೆಳಗೆ ರ‍್ಯಾಂಕ್. ಫೋಟೊ ಸುಳ್ಳಲ್ಲ, ರ‍್ಯಾಂಕೂ ಸುಳ್ಳಲ್ಲ. ಆದರೆ ಆ ವರ್ಷ ಆ ಸೆಂಟರ್‌ಗೆ ಒಟ್ಟು ಎಷ್ಟು ಮಕ್ಕಳು ಫೀಸು ಕಟ್ಟಿ ಸೇರಿದ್ದರು ಅನ್ನೋದು ಮಾತ್ರ ಹುಡುಕಿದರೂ ಸಿಗುವುದಿಲ್ಲ. ಐವತ್ತರಲ್ಲಿ ನಲವತ್ತು ಜನರಿಗೆ ಸೀಟು ಸಿಕ್ಕಿದ್ದಕ್ಕೂ ಐದು ಸಾವಿರದಲ್ಲಿ ನಲವತ್ತು ಜನರಿಗೆ ಸಿಕ್ಕಿದ್ದಕ್ಕೂ ವ್ಯತ್ಯಾಸ ಇದೆ, ಅಲ್ವಾ?

ಯುಪಿಎಸ್‌ಸಿ ಕೋಚಿಂಗ್‌ನ ಕಥೆ ಇನ್ನೂ ಮಜಾ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಕೆದಕಿದಾಗ, ಜಾಹೀರಾತಿನಲ್ಲಿ ನಗುತ್ತಿದ್ದ ಹಲವು ಟಾಪರ್‌ಗಳು ಅಲ್ಲಿ ಪಡೆದದ್ದು ಬರೀ ಇಂಟರ್‌ವ್ಯೂ ತರಬೇತಿ ಅಂತ ಗೊತ್ತಾಯಿತು. ಪ್ರಿಲಿಮ್ಸ್, ಮೇನ್ಸ್ ಎರಡನ್ನೂ ಅವರು ಆಗಲೇ ದಾಟಿ ಬಂದಿದ್ದರು! 2024ರ ನವೆಂಬರ್‌ನಲ್ಲಿ ಇಂಥ ಜಾಹೀರಾತಿನ ಬಗ್ಗೆ ಮಾರ್ಗಸೂಚಿ ಬಂತು.

ಇಲ್ಲಿ ಹೋಗುವುದು ದುಡ್ಡು. ಬ್ರಿಟನ್ನಿನಲ್ಲಿ ಹೋದದ್ದು ಅದಕ್ಕಿಂತ ದೊಡ್ಡದು. 1995ರ ಅಕ್ಟೋಬರ್‌ನಲ್ಲಿ ಅಲ್ಲಿನ ಔಷಧ ಸುರಕ್ಷತಾ ಸಮಿತಿ ವೈದ್ಯರಿಗೆ ಒಂದು ಎಚ್ಚರಿಕೆ ಕಳಿಸಿತು. ಹೊಸ ಬಗೆಯ ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ. ಟಿವಿ, ಪತ್ರಿಕೆಗಳಲ್ಲೆಲ್ಲ ಇದೇ ಸುದ್ದಿ. ಹೆಂಗಸರು ಗಾಬರಿಯಾಗಿ ಮಾತ್ರೆ ಬಿಟ್ಟರು. ಯಾರು ತಾನೇ ಬಿಡುವುದಿಲ್ಲ?

ಅಸಲಿ ಲೆಕ್ಕ ಏನಿತ್ತು ಅಂದರೆ, ಹಳೆಯ ಮಾತ್ರೆ ನುಂಗುವ 7,000 ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಹೀಗಾಗುತ್ತಿತ್ತು. ಹೊಸದರಲ್ಲಿ ಇಬ್ಬರಿಗೆ. ಒಂದು ಎರಡಾದರೆ ಎರಡು ಪಟ್ಟೇ, ಸುಳ್ಳೇನಲ್ಲ. ಆದರೆ ಹೀಗೆ ಮಾತ್ರೆ ಬಿಟ್ಟಿದ್ದರಿಂದ ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವು ಅಂತ ಅಂದಾಜು. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಜಾಸ್ತಿ ಅನ್ನೋದನ್ನು ಆ ಗದ್ದಲದಲ್ಲಿ ಕೇಳುವವರೇ ಇರಲಿಲ್ಲ. ಹಸಿ ಸುಳ್ಳಿಗಿಂತ ನನಗೆ ಇಂಥ ಅರ್ಧ ನಿಜದ ಭಯವೇ ಹೆಚ್ಚು. ಸುಳ್ಳನ್ನು ಯಾರಾದರೂ ಹಿಡಿದು ತೋರಿಸಬಹುದು. ಇದನ್ನು ಪರೀಕ್ಷೆ ಮಾಡಿದರೂ ಪಾಸಾಗುತ್ತದೆ.

ಅದಕ್ಕೇ 'ಎರಡು ಪಟ್ಟು', 'ಶೇ. 50 ಏರಿಕೆ' ಅಂತ ಕಂಡ ಕೂಡಲೇ ನಾನು ಕೇಳುವುದು ಒಂದೇ: ಎಷ್ಟು ಜನರಲ್ಲಿ? ಮೊದಲು ಎಷ್ಟಿತ್ತು, ಈಗ ಎಷ್ಟಾಯಿತು? ಇದಕ್ಕೆ ಗಣಿತದ ಡಿಗ್ರಿ ಬೇಕಾಗಿಲ್ಲ.

ನಮಗೆ ಇಷ್ಟವಾದ ಅಂಕಿಗೂ ಇದೇ ಪ್ರಶ್ನೆ ಹಾಕಬೇಕು. ಕಷ್ಟ ಇರುವುದು ಅಲ್ಲೇ. ಟೆಲಿಗ್ರಾಂನಲ್ಲಿ ಆಪ್ಷನ್ ಟ್ರೇಡಿಂಗ್ (ಬೆಲೆ ಮುಂದೆ ಏರುತ್ತದೋ ಇಳಿಯುತ್ತದೋ ಅಂತ ಪಣ ಕಟ್ಟುವಂಥ ವ್ಯವಹಾರ) ಲಾಭದ ಸ್ಕ್ರೀನ್‌ಶಾಟ್ ಹಾಕುವವರಿಗೆ ನಾನು ಷೇರುಪೇಟೆ ನಿಯಂತ್ರಿಸುವ ಸೆಬಿಯ ವರದಿ ತೋರಿಸುತ್ತೇನೆ. 2021-22ರಿಂದ ಮೂರು ವರ್ಷ ಆಪ್ಷನ್ಸ್ ಮತ್ತು ಅದರದೇ ಜಾತಿಯ ಫ್ಯೂಚರ್ಸ್‌ಗೆ ಇಳಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ಶೇ. 93 ಮಂದಿ ಕಳೆದುಕೊಂಡಿದ್ದಾರೆ, ತಲಾ ಸರಾಸರಿ ಸುಮಾರು 2 ಲಕ್ಷ ರೂಪಾಯಿ. ಆದರೆ ಇದೇ 93 ಈಗ 'ಷೇರಿಗೆ ದುಡ್ಡು ಹಾಕಿದ ನೂರಕ್ಕೆ 93 ಜನ ಮುಳುಗುತ್ತಾರೆ' ಅಂತ ಫ್ಯಾಮಿಲಿ ಗ್ರೂಪಿಗೆ ಬಂದಿದೆ. ಷೇರು ಕೊಂಡು ಸುಮ್ನೆ ಇಟ್ಟುಕೊಂಡವರು, ತಿಂಗಳು ತಿಂಗಳು ಎಸ್‌ಐಪಿ ಕಟ್ಟುವವರು ಆ ಲೆಕ್ಕದಲ್ಲೇ ಇಲ್ಲ.